ಹಾಡು ಕೇಳಿಸಿತು, ಪದ ಕೇಳಿಸಲಿಲ್ಲ

ಶಿಗ್ಗಾಂವದಲ್ಲಿ ನಡೆದ ಒಂದು ಕಾರ್ಯಕ್ರಮ. ನಾಲ್ವರು ಕಾಲೇಜು ಹುಡುಗರು ಗಿಟಾರು, ಡ್ರಮ್ಮು ಇಟ್ಟುಕೊಂಡು ಶಿಶುನಾಳ ಶರೀಫರ ಗುಡುಗುಡಿಯ ಪದ ಎತ್ತಿಕೊಂಡರು. ಹಾಡುವ ಹುಡುಗ ಮೊದಲ ಸಾಲಿಗೇ ತಾರಕಕ್ಕೆ ಹಾರಿದ. ಕುತ್ತಿಗೆಯ ನರಗಳು ಹಗ್ಗದಂತೆ ಎದ್ದಿದ್ದವು. ನನ್ನ ಪಕ್ಕದಲ್ಲಿ, ಭಜನೆಯಲ್ಲಿ ದಮಡಿ ಬಾರಿಸುತ್ತ ಮುಪ್ಪಾದ ಹಿರಿಯರೊಬ್ಬರು ಕೂತಿದ್ದರು. ಅವರು ಬಾಗಿ, "ಸಾಬ್ರ, ಹಾಡ ಕೇಳಸ್ತು, ಪದಾ ಕೇಳಸಲಿಲ್ಲ ನೋಡ್ರಿ" ಅಂದರು. ನಮ್ಮ ಕಡೆ ಪದವೆಂದರೆ ಹಾಡೂ ಹೌದು, ಮಾತೂ ಹೌದು. ಅವರು ಯಾವುದನ್ನು ಹೇಳಿದರೆಂದು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಚಹಾದಂಗಡಿಯಲ್ಲಿ ಎಲ್ಲರೂ ಗಿಟಾರನ್ನೇ ಬೈದರು. ನಾನು ಒಪ್ಪಲಿಲ್ಲ. ಶರೀಫರ ಪದಗಳಿಗೆ ನಾವು ಹಚ್ಚುವ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದೇ. ಇನ್ನು ಏರುದನಿಯೂ ರಾಕ್ ಸಂಗೀತದ ಆಸ್ತಿಯಲ್ಲ. ಮೈಕು ಇಲ್ಲದ ಕಾಲದ ಕಂಪನಿ ನಾಟಕದಲ್ಲಿ ಹಿಂದಿನ ಸಾಲಿಗೆ ಕೇಳಿಸುವಂತೆ ಹಾಡುವವನೇ ನಟ. ಮೊಹರಂ ಬಯಲಿನಲ್ಲಿ ರಿವಾಯತ್ ಹಾಡುವವರದೂ ಬಿಚ್ಚುಗಂಟಲೇ. ಮೈಕು ಬಂದ ಮೇಲೆ ಗಾಯಕ ಪಿಸುಗುಟ್ಟಿದರೂ ನಡೆಯಿತು. ರಾಕ್ ಗಾಯಕನ ಕೈಯಲ್ಲಿ ಮೈಕು ಇದೆ ನಿಜ. ಆದರೆ ಬೆನ್ನ ಹಿಂದೆ ವಿದ್ಯುತ್ ಗಿಟಾರು, ಡ್ರಮ್ಮುಗಳ ಗೋಡೆ ಇದೆ. ಅದನ್ನು ದಾಟಲು ಅವನು ಮತ್ತೆ ಮೇಲೇರಬೇಕಾಯಿತು.

ಮೇಲೇರುವ ದಾರಿಗಳು ಬೇರೆ ಬೇರೆ. ಎದೆದನಿಯಲ್ಲಿ ಧ್ವನಿತಂತುಗಳು ದಪ್ಪಗೆ, ಪೂರ್ತಿ ಮೈಯಿಂದ ಅದುರುತ್ತವೆ. ಕಳ್ಳದನಿಯಲ್ಲಿ ಅವು ಎಳೆದು ತೆಳುವಾಗಿ, ಅಂಚು ಮಾತ್ರ ಅದುರುತ್ತದೆ. ಎದೆದನಿಯ ತೂಕವನ್ನು ಕಳ್ಳದನಿಯ ಎತ್ತರಕ್ಕೆ ಹೊತ್ತೊಯ್ಯುವುದೇ ರಾಕ್ ಗಾಯಕರ ಸಾಹಸ. ಗಂಟಲು ಕೆಡುವುದೂ ಹೆಚ್ಚಾಗಿ ಅಲ್ಲಿಯೇ.

ಆ ಹುಡುಗನೂ ಅಂಗಡಿಗೆ ಬಂದ. ಬೈಗುಳ ಕೇಳಿಸಿಕೊಂಡವನಂತೆ ತೋರಲಿಲ್ಲ. "ಸರ್, ಫ್ರೆಡ್ಡಿ ಮರ್ಕ್ಯುರಿಗೆ ನಾಕು ಸಪ್ತಕ ಇತ್ತಂತ. ನನಗ ಎಷ್ಟ ಇರಬಹುದು?" ಎಂದು ಕೇಳಿದ. ಜಂಜಿಬಾರಿನಲ್ಲಿ ಹುಟ್ಟಿ ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ ಓದಿದ ಆ ಪಾರ್ಸಿ ಹುಡುಗ, ಫಾರೂಖ್ ಬಲ್ಸಾರಾ, ಮುಂದೆ 'ಕ್ವೀನ್' ತಂಡದ ದನಿಯಾದ. 2016ರಲ್ಲಿ ಯುರೋಪಿನ ಧ್ವನಿತಜ್ಞರು ಅವನ ಧ್ವನಿಮುದ್ರಿಕೆಗಳನ್ನು ಅಳೆದರು. ಸಿಕ್ಕಿದ್ದು 37 ಅರ್ಧಸ್ವರ, ಅಂದರೆ ಮೂರು ಸಪ್ತಕದ ಮೇಲೆ ಒಂದು ಮೆಟ್ಟಿಲು. ನಾಲ್ಕಕ್ಕೆ ಪುರಾವೆ ಸಿಗಲಿಲ್ಲ. ಮಾತಾಡುವಾಗ ಅವನದು ಸುಮಾರು 117 ಹರ್ಟ್ಜ್‌ನ ತಗ್ಗುದನಿ. ಅವನಂತೆ ಹಾಡಬಲ್ಲ ಇನ್ನೊಬ್ಬ ಗಾಯಕನ ಗಂಟಲನ್ನು ಕ್ಯಾಮೆರಾದಲ್ಲಿ ನೋಡಿದಾಗ, ಆ ಗರಗರ ದನಿಗೆ ಧ್ವನಿತಂತುಗಳ ಮೇಲಿನ ಮಡಿಕೆಗಳೂ ಅದುರುವುದು ಕಂಡಿತಂತೆ. ಇಷ್ಟು ಹೇಳಿದೆ. ಹುಡುಗನ ಮುಖ ಸಪ್ಪಗಾಯಿತು. ಎಲ್ಲರಿಗೂ ಅಂಕಿ ಬೇಕು!

ನನ್ನ ತಕರಾರು ಅಂಕಿಯದಲ್ಲ, ಅಕ್ಷರದ್ದು. ಇ ಮತ್ತು ಉ ಎಂಬ ಸ್ವರಗಳನ್ನು ಗುರುತಿಸಲು ಕಿವಿಗೆ 300 ಹರ್ಟ್ಜ್ ಆಸುಪಾಸಿನ ಒಂದು ಅನುರಣನವೂ ಬೇಕು. ಗಾಯಕ 450, 500ಕ್ಕೆ ಏರಿದಾಗ ಅವನ ಶ್ರುತಿಯೇ ಆ ಜಾಗವನ್ನು ದಾಟಿ ಹೋಗಿರುತ್ತದೆ. ಬಾಯಿ ಅಗಲಿಸದೆ ವಿಧಿಯಿಲ್ಲ. ಇ ಎಂಬುದು ಎ ಕಡೆಗೆ, ಉ ಎಂಬುದು ಒ ಕಡೆಗೆ ವಾಲುತ್ತದೆ. ಕನ್ನಡದ ಎಷ್ಟೋ ಮಾತುಗಳು ಮುಗಿಯುವುದೇ ಇ, ಉ ಕಾರದಲ್ಲಿ. ಪ್ರೇಮಗೀತೆಯಾದರೆ ರಾಗ ಸಾಕು, ನಡೆದೀತು. ಶರೀಫರದು ಒಗಟು. ನಮ್ಮ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ, ಗೋವಿಂದಭಟ್ಟರ ಶಿಷ್ಯರಾಗಿ, 1889ರಲ್ಲಿ ತೀರಿಕೊಂಡ ಈ ಸಾಬರು ಹುಕ್ಕಾ, ಸೋರುವ ಮಾಳಿಗೆ, ಕೋಳಿ, ಕೋಡಗಗಳಲ್ಲಿ ತತ್ವ ಬಚ್ಚಿಟ್ಟವರು. ಮಾತು ಕೇಳಿಸದಿದ್ದರೆ ಬಿಡಿಸುವುದೇನನ್ನು?

ಕವ್ವಾಲರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ನುಸ್ರತ್ ಫತೇ ಅಲಿ ಖಾನರನ್ನು ಕೇಳಿ. ಸಾಲನ್ನು ಮೊದಲು ಮಾತಿನ ದನಿಯಲ್ಲಿ ಇಡುತ್ತಾರೆ, ಸಂಗಡಿಗರು ಮತ್ತೆ ಮತ್ತೆ ಹೇಳುತ್ತಾರೆ, ಅದು ಕೇಳುಗನ ಬಾಯಿಗೂ ಬಂದ ಮೇಲೆ ಅವರು ಆಕಾಶಕ್ಕೆ ಏರುತ್ತಾರೆ. ಅಮೆರಿಕದ ರಾಕ್ ಗಾಯಕ ಜೆಫ್ ಬಕ್ಲಿ 1993ರಲ್ಲಿ ನ್ಯೂಯಾರ್ಕಿನ ಪುಟ್ಟ ಕೆಫೆಯೊಂದರಲ್ಲಿ ಅವರ ಕವ್ವಾಲಿಯನ್ನು ಉರ್ದುವಿನಲ್ಲೇ ಹಾಡಿದ್ದ. ಅವನಿಗೆ ಬೇಕಿದ್ದದ್ದು ಬರೀ ಎತ್ತರವಾಗಿರಲಿಲ್ಲ ಅನಿಸುತ್ತದೆ. ನಮ್ಮ ಭಜನಾ ಮೇಳದಲ್ಲೂ ಒಬ್ಬ ಹೇಳುತ್ತಾನೆ, ಉಳಿದವರು ಹಿಂದೆ ಹೇಳುತ್ತಾರೆ.

ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂದದ್ದು 1990ರಲ್ಲಿ, ಸಂಗೀತ ಸಿ. ಅಶ್ವಥ್ ಅವರದು. ಅಶ್ವಥ್ ಎಷ್ಟು ಮೇಲೇರಿದರೂ ವ್ಯಂಜನ ಬಿಡುತ್ತಿರಲಿಲ್ಲ. ಕ, ಟ, ಡಗಳು ಕವಣೆಗಲ್ಲಿನಂತೆ ಬಂದು ಬೀಳುತ್ತಿದ್ದವು. 2009ರಲ್ಲಿ ಅವರು ಹೋದರು. ಅನುಕರಿಸುವವರು ಅವರ ಶ್ರುತಿ ಹಿಡಿದರು, ಕಲ್ಲುಗಳನ್ನು ಬಿಟ್ಟರು. ರಘು ದೀಕ್ಷಿತ್ ತಮ್ಮ 2008ರ ಆಲ್ಬಮ್ಮಿನಲ್ಲಿ ಶರೀಫರ ಎರಡು ಪದ ಹಾಡಿದ್ದಾರೆ. ಸೋರುವ ಮಾಳಿಗೆಯ ಪದದಲ್ಲಿ, ನನ್ನ ಕಿವಿಗೆ, ಅವರು ಅದೇ ಮನೆಯೊಳಗೆ ಕೂತು ಹಾಡುತ್ತಿದ್ದಾರೆ. ಗಿಟಾರು ಅಲ್ಲಿ ಏಕತಾರಿಯ ಕೆಲಸ ಮಾಡುತ್ತದೆ. ಗುಡುಗುಡಿಯ ಪದದಲ್ಲಿ ಕುಣಿತ ಮುಂದೆ ಬಂದು ಹುಕ್ಕಾದ ಒಳಗೇನಿದೆ ಎಂಬ ಪ್ರಶ್ನೆ ಹಿಂದೆ ಸರಿಯಿತು. ಆದರೂ ಶರೀಫರ ಹೆಸರೇ ಕೇಳದ ನಗರದ ಮಕ್ಕಳಿಗೆ ಅವರನ್ನು ಮುಟ್ಟಿಸಿದವರು ರಘು. ಚಹಾದಂಗಡಿಯಲ್ಲಿ ಕೂತು ಬೈಯುವ ನಾವಲ್ಲ.

ಪಕ್ಕದ ತಾಲ್ಲೂಕಿನ ಹೆಸರನ್ನು ಜಗತ್ತಿಗೆ ಮುಟ್ಟಿಸಿದ ಗಂಗೂಬಾಯಿ ಹಾನಗಲ್ಲರ ಕಥೆ ತಿರುಗುಮುರುಗು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಗಂಡಸರದರಂತೆ ಗಡಸಾಯಿತು. ಕಳೆದುಹೋದ ಸಣ್ಣ ದನಿಯ ಬೆನ್ನು ಹತ್ತದೆ, ಆ ಗಡಸಿನಲ್ಲೇ ಅವರು ಕಿರಾಣಾ ಗಾಯನ ಕಟ್ಟಿದರು. ಇದನ್ನು ಹುಡುಗನಿಗೆ ಹೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಗಿಟಾರು ತೊಡೆಯ ಮೇಲಿಟ್ಟು, ಮಾತಾಡುವ ದನಿಯಲ್ಲೇ ಗುಡುಗುಡಿಯ ಪದ ಶುರು ಮಾಡಿದ. ಎರಡನೇ ನುಡಿಗೆ ಬಂದಾಗ ದಮಡಿಯ ಹಿರಿಯರು ಕೈ ಎತ್ತಿ ತಡೆದರು.

"ತಮ್ಮಾ, ಆ ಶಬ್ದ ಹಂಗಲ್ಲ."

ಇಷ್ಟು ದಿನ ಅವನು ಅದನ್ನು ತಪ್ಪಾಗಿಯೇ ಹಾಡುತ್ತಿದ್ದ. ವೇದಿಕೆಯ ಮೇಲೆ ಅದು ನಮ್ಮಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ.