ಹಕ್ಕಲು ಉಳಿಸದ ಕೊಯ್ಲು

ಇತ್ತೀಚಿನ ವರ್ಷಗಳಲ್ಲಿ ಕೋಲಾರದ ಚಿನ್ನದ ಗಣಿಗಳ ಕಡೆಗೆ ಜನರ ಗಮನವನ್ನು ಮತ್ತೆ ಸೆಳೆದದ್ದು ಚಲನಚಿತ್ರಗಳು. ಪ್ರಶಾಂತ್ ನೀಲ್ ನಿರ್ದೇಶನದ ‘ಕೆ.ಜಿ.ಎಫ್’ ಚಿತ್ರದ ಎರಡು ಭಾಗಗಳು 2018 ಮತ್ತು 2022ರಲ್ಲಿ ತೆರೆಕಂಡವು. ಪಾ. ರಂಜಿತ್ ಅವರ ತಮಿಳು ಚಿತ್ರ ‘ತಂಗಲಾನ್’ 2024ರಲ್ಲಿ ಬಂದಿತು. ಮೊದಲನೆಯದು ಚಿನ್ನದ ಸಾಮ್ರಾಜ್ಯವನ್ನು ತೋಳ್ಬಲದಿಂದ ಗೆಲ್ಲುವ ನಾಯಕನ ಕಾಲ್ಪನಿಕ ಕಥೆ. ಎರಡನೆಯದು 19ನೇ ಶತಮಾನದಲ್ಲಿ ಆ ಚಿನ್ನವನ್ನು ಅರಸಿ ಹೊರಟ ಶೋಷಿತ ಜನರ ಘನತೆಯನ್ನು ಎತ್ತಿಹಿಡಿಯಲು ಶ್ರಮಿಸಿದ ಕೃತಿ. ಆ ಮಟ್ಟಿಗೆ ಅದು ಹೆಚ್ಚು ಪ್ರಾಮಾಣಿಕವಾದುದು. ಚಿನ್ನ ದೊರೆತ ಕಥೆ, ಚಿನ್ನಕ್ಕಾಗಿ ಕಾದಾಡಿದ ಕಥೆ ಇವೆರಡರಲ್ಲಿವೆ. ಗಣಿ ಮುಚ್ಚಿದ ಮೇಲೆ ಅಲ್ಲಿಯೇ ಉಳಿದವರ ಕಥೆ ಎರಡರಲ್ಲಿಯೂ ಇಲ್ಲ. ಅವು ಆಯ್ದುಕೊಂಡ ಕಾಲವೇ ಬೇರೆ ಎಂದು ಸಮಾಧಾನ ಹೇಳಬಹುದು. ಆದರೆ ಈ ಮೌನ ಸಿನಿಮಾದ್ದು ಮಾತ್ರವಲ್ಲ. ನಮ್ಮ ಕಾನೂನಿನದೂ ಅರ್ಥಚಿಂತನೆಯದೂ ಹೌದು.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ತು ಹರಿದು ಬಂತು. ತಮಿಳು ಸೀಮೆಯಿಂದ ಬಂದ ಕೂಲಿಕಾರರು, ಅವರಲ್ಲಿ ಬಹುಪಾಲು ದಲಿತರು, ನೆಲದಾಳಕ್ಕೆ ಇಳಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಒಂದು ಶತಮಾನಕ್ಕೂ ಮಿಕ್ಕಿದ ದುಡಿಮೆಯಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂದಿತು. ಮನೆ, ನೀರು, ದೀಪ, ಆಸ್ಪತ್ರೆ, ಎಲ್ಲಕ್ಕೂ ಜನ ಕಂಪನಿಯನ್ನೇ ನೋಡುತ್ತಿದ್ದರು. 1956ರಲ್ಲಿ ಗಣಿಗಳು ಸರ್ಕಾರದ ವಶವಾದವು. 1972ರಲ್ಲಿ ಕೇಂದ್ರದ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ರೂಪುಗೊಂಡಿತು. ಒಡೆಯರು ಬದಲಾದರೂ ಊರಿನ ಅವಲಂಬನೆ ಬದಲಾಗಲಿಲ್ಲ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅದಿರಿನಲ್ಲಿ ಚಿನ್ನದ ಅಂಶ ಇಳಿದಿತ್ತು, ಆಳದಿಂದ ಅದನ್ನು ಎತ್ತುವ ವೆಚ್ಚ ಏರಿತ್ತು. ನಷ್ಟದ ಗಣಿಯನ್ನು ತೆರಿಗೆಯ ಹಣದಲ್ಲಿ ಎಷ್ಟು ದಿನ ನಡೆಸುವುದು ಎಂಬ ವಾದವನ್ನು ತಳ್ಳಿಹಾಕಲಾಗದು. ಮುಚ್ಚಿದ್ದು ಸರಿಯೋ ತಪ್ಪೋ ಎಂಬುದು ಒಂದು ಪ್ರಶ್ನೆ. ಮುಚ್ಚಿದ ಬಗೆ ಎಂತಹುದು ಎಂಬುದು ಇನ್ನೊಂದು. ಕೆಲಸ ಮಾಡಿದ ವರುಷಗಳನ್ನು ಎಣಿಸಿ ಕಾರ್ಮಿಕರಿಗೆ ಹಣ ಕೊಡಲಾಯಿತು. ಆ ಎಣಿಕೆಯಲ್ಲಿ ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ತಗಲಿದ ಶ್ವಾಸಕೋಶಗಳಿಗೆ ಮುಂದೆ ಯಾರು ಮದ್ದು ಕೊಡುವರು ಎಂಬುದು ಸೇರಲಿಲ್ಲ. ಊರನ್ನು ಸುತ್ತಿ ನಿಂತ ಸಯನೈಡ್ ದಿಬ್ಬಗಳೂ ಸೇರಲಿಲ್ಲ. ಬೇಸಗೆಯ ಗಾಳಿಗೆ ಆ ದಿಬ್ಬಗಳ ಧೂಳು ಇಂದಿಗೂ ಮನೆಗಳ ಮೇಲೆ ಹಾಯುತ್ತದೆ. ‘ಕೆ.ಜಿ.ಎಫ್’ ಚಿತ್ರದ ಸೆಟ್ಟು ಎದ್ದಿದ್ದು ಈ ದಿಬ್ಬಗಳ ಪ್ರದೇಶದಲ್ಲಿಯೇ. ತೆರೆಯ ಮೇಲೆ ಆ ಧೂಳು ನಾಯಕನ ವೈಭವವನ್ನು ಹೆಚ್ಚಿಸಿತು. ಅದನ್ನು ಉಸಿರಾಡುವ ಮನೆಗಳು ಕಾಣಲಿಲ್ಲ. ಆ ಮನೆಗಳಿಂದಲೇ ಹೊಟ್ಟೆಪಾಡಿಗಾಗಿ ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಜನ ನಸುಕಿನ ರೈಲು ಹಿಡಿಯುತ್ತಾರೆ.

ನಮ್ಮ ಕಾನೂನು ಏನು ಹೇಳುತ್ತದೆ? ಕಾರ್ಖಾನೆ ಮುಚ್ಚಿದಾಗ ಪ್ರತಿ ವರುಷದ ಸೇವೆಗೆ 15 ದಿನಗಳ ವೇತನದಂತೆ ಪರಿಹಾರ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆ ವಿಧಿಸಿತ್ತು. ಮುಚ್ಚಲು ಸರ್ಕಾರದ ಅನುಮತಿ ಬೇಕೆಂಬ ನಿಯಮ 100 ಕಾರ್ಮಿಕರಿರುವ ಘಟಕಗಳಿಗೆ ಅನ್ವಯಿಸುತ್ತಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿತು. ಎರಡರ ದೃಷ್ಟಿಯೂ ಹಾಜರಿ ಪುಸ್ತಕದಲ್ಲಿ ಹೆಸರಿರುವವರ ಮೇಲೆ. ಗಣಿಯನ್ನೇ ನಂಬಿದ್ದ ಅಂಗಡಿಯವನು, ದರ್ಜಿ, ಕಾರ್ಮಿಕನ ವಿಧವೆ ಅದರ ಕಣ್ಣಿಗೆ ಬೀಳುವುದಿಲ್ಲ. ಗಣಿಗಳಿಗೆ ಮುಚ್ಚುಗಡೆಯ ಯೋಜನೆಯೂ ಅದಕ್ಕೆ ಹಣದ ಖಾತರಿಯೂ ಕಡ್ಡಾಯವಾದದ್ದು 2003ರಲ್ಲಿ, ಕೋಲಾರದ ಗಣಿ ಮುಚ್ಚಿ ಎರಡು ವರುಷಗಳ ನಂತರ. ಇನ್ನು 2013ರ ಕಂಪನಿ ಕಾಯ್ದೆ, ದೊಡ್ಡ ಕಂಪನಿಗಳು ಹಿಂದಿನ ಮೂರು ವರುಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕೆನ್ನುತ್ತದೆ. ಒಳ್ಳೆಯ ವಿಧಿಯೇ. ಆದರೆ ಲಾಭವಿದ್ದರಷ್ಟೇ ಹೊಣೆ. ನಷ್ಟದಿಂದ ಬಾಗಿಲು ಹಾಕುವ ಕಂಪನಿಯ ಪಾಲಿಗೆ ಈ ಹೊಣೆ ಬಹುಮಟ್ಟಿಗೆ ಸೊನ್ನೆ. ಊರಿಗೆ ನೆರವು ಅತ್ಯಗತ್ಯವಾದ ಗಳಿಗೆಯಲ್ಲಿಯೇ ಕೈ ಬರಿದಾಗಿರುತ್ತದೆ.

ಈ ಕೊರತೆಗೆ ಉತ್ತರ ಬಹು ಹಿಂದೆಯೇ ನಮಗೆ ದೊರೆತಿದೆ. ಹೊಲ ಕೊಯ್ಯುವಾಗ ಅಂಚಿನ ತನಕ ಕೊಯ್ಯಬಾರದು, ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂಬ ಆಜ್ಞೆ ಯಾಜಕಕಾಂಡದಲ್ಲಿದೆ. ಮೋವಾಬಿನ ರೂತಳು ತನ್ನ ಅತ್ತೆಯನ್ನು ಸಲಹಿದ್ದು ಈ ಹಕ್ಕಲಿನಿಂದ. ಆ ಪಾಲನ್ನು ಬಿಡಬೇಕಾದ ಸಮಯವನ್ನು ಗಮನಿಸಿ: ಹೊಲ ಬರಿದಾದ ಮೇಲಲ್ಲ, ತೆನೆ ತುಂಬಿ ನಿಂತ ಕೊಯ್ಲಿನ ದಿನ. ವ್ಯವಹಾರ ನಡೆಸುವವರು ಬಂಡವಾಳ ಹೂಡಿದವರಿಗಷ್ಟೇ ಅಲ್ಲ, ಕಾರ್ಮಿಕರಿಗೂ ಸುತ್ತಣ ಸಮುದಾಯಕ್ಕೂ ಹೊಣೆಗಾರರು ಎಂದು 2009ರ ‘ಕಾರಿತಾಸ್ ಇನ್ ವೆರಿತಾತೆ’ ವಿಶ್ವಪತ್ರದಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಬೋಧಿಸಿದ್ದೂ ಈ ಅರ್ಥದಲ್ಲಿಯೇ. ಲಾಭ ಬರುವ ವರುಷಗಳಲ್ಲಿ, ಕಂಪನಿಯ ಕೈಗೆ ಸಿಗದ ಒಂದು ನಿಧಿಯನ್ನು ಊರಿನ ಹೆಸರಿನಲ್ಲಿ ಕೂಡಿಡುವುದೇ ಇಂದಿನ ಹಕ್ಕಲು. ರೋಗಿಗಳ ಚಿಕಿತ್ಸೆ, ಕುಡಿಯುವ ನೀರು, ಮಕ್ಕಳ ವಿದ್ಯೆ, ನೆಲದ ಶುದ್ಧೀಕರಣ ಇವು ಅದರ ಬಾಧ್ಯತೆಗಳಾಗಬೇಕು. ಇದನ್ನು ದಾನವೆನ್ನಲಾಗದು, ದುಡಿಮೆಗೆ ಸಲ್ಲಬೇಕಾದ ಬಾಕಿ ಇದು.

ಇದು ಹಳೆಯ ಕಥೆಯೆಂದು ಬದಿಗಿಡುವಂತಿಲ್ಲ. ಸಯನೈಡ್ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಸಮ್ಮತಿಸಿತು. ದಿಬ್ಬ ಕದಡಿದರೆ ಧೂಳೂ ಏಳುತ್ತದೆ, ಚಿನ್ನವೂ ದೊರೆಯುತ್ತದೆ. ಧೂಳು ಊರಿಗೆ, ಚಿನ್ನ ಹೊರಗೆ ಎಂಬ ಹಳೆಯ ಹಂಚಿಕೆಯೇ ಮುಂದುವರಿಯಬೇಕೆ? ನಮ್ಮ ಊರಿಗೆ ಹೊಸ ಕಾರ್ಖಾನೆ ಬಂದಾಗ ಎಷ್ಟು ಜನಕ್ಕೆ ಕೆಲಸ ಸಿಗುತ್ತದೆ ಎಂದು ಮೊದಲು ಕೇಳುತ್ತೇವೆ. ಮುಚ್ಚುವ ದಿನ ಬಂದರೆ ನಮಗಾಗಿ ಏನು ಉಳಿಸಿಟ್ಟಿರುತ್ತೀರಿ ಎಂಬುದನ್ನೂ ಅದೇ ದಿನ ಕೇಳಿ, ಬರೆಸಿಕೊಳ್ಳೋಣ.