ಪ್ರೊಸೆಸರ್ ವಿನ್ಯಾಸಗಳ ಜಯಾಪಜಯ: ಒಂದು ವಿಮರ್ಶೆ

ಗಣಕಯಂತ್ರಗಳ ಚರಿತ್ರೆಯನ್ನು ಬರೆಯುವವರು ಉಳಿದುದನ್ನು ಉತ್ತಮವೆಂದೂ ಅಳಿದುದನ್ನು ಅಧಮವೆಂದೂ ಎಣಿಸುವುದು ವಾಡಿಕೆ. ರಾಜವಂಶಗಳ ವಿಷಯದಲ್ಲಿ ನಾವು ಒಪ್ಪದ ಈ ನ್ಯಾಯ ಯಂತ್ರಗಳ ವಿಷಯದಲ್ಲಿಯೂ ಸಲ್ಲದು. ಇದಕ್ಕೆ ಬೆಂಗಳೂರಿನಲ್ಲಿಯೇ ದೃಷ್ಟಾಂತವುಂಟು.

ಇಂಟೆಲ್ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಸರ್ವರ್‌ಗಳಿಗಾಗಿ ನಾಲ್ಕು ಕೋರ್‌ಗಳ ಪ್ರೊಸೆಸರೊಂದು ಸಿದ್ಧವಾಗುತ್ತಿತ್ತು. ನಗರದ ಬಡಾವಣೆಯ ಹೆಸರಿನಿಂದ ಅದನ್ನು 'ವೈಟ್‌ಫೀಲ್ಡ್' ಎಂದು ಕರೆದಿದ್ದರು. 2005ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಅದೇ ಕೇಂದ್ರದಲ್ಲಿ ರೂಪುಗೊಂಡ ಆರು ಕೋರ್‌ಗಳ 'ಡನಿಂಗ್ಟನ್' 2008ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಟ್ರಾನ್ಸಿಸ್ಟರುಗಳ ಸಂಖ್ಯೆ ಸುಮಾರು 190 ಕೋಟಿ. ಮೊದಲನೆಯದು ಸೋಲು, ಎರಡನೆಯದು ಗೆಲುವು ಎಂದು ತೀರ್ಪುಕೊಡುವುದು ಸುಲಭ. ಆದರೆ ಒಳರಚನೆಯನ್ನು ಪರಿಶೀಲಿಸಿದರೆ ಈ ತೀರ್ಪು ನಿಲ್ಲದು.

ಡನಿಂಗ್ಟನ್ ಹಳೆಯ ಪದ್ಧತಿಯನ್ನೇ ಅನುಸರಿಸಿತು. ಸರ್ವರಿನ ಎಲ್ಲ ಪ್ರೊಸೆಸರುಗಳೂ ನಡುವಣ ಒಂದೇ ಚಿಪ್‌ಸೆಟ್ಟಿನ ಮೂಲಕ ಮೆಮೊರಿಯನ್ನು ಮುಟ್ಟಬೇಕಾಗಿತ್ತು. ಸಂತೇಬೆನ್ನೂರಿನ ಕಡೆಯ ವಾಚಕರಿಗೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಪರಿಚಿತ. ಅದಕ್ಕೆ ಸಿದ್ಧ, ಬಸವ ಎಂಬ ಎರಡು ತೂಬುಗಳಿವೆ. ಒಂದೇ ತೂಬಿದ್ದರೆ, ಕೆರೆ ತುಂಬಿದ್ದರೂ ಕೊನೆಯ ಗದ್ದೆಗೆ ನೀರು ಸಾಲದಾಗುವುದು. ಕೋರ್‌ಗಳು ಹೆಚ್ಚಿದಂತೆ ಇಲ್ಲಿ ಒದಗುವ ತೊಡಕೂ ಇಂಥದೇ. ಎಎಮ್‌ಡಿ ಸಂಸ್ಥೆಯು 2003ರ 'ಆಪ್ಟೆರಾನ್'ನಲ್ಲಿ ಮೆಮೊರಿಯ ನಿಯಂತ್ರಕವನ್ನು ಪ್ರೊಸೆಸರಿನೊಳಗೇ ಇರಿಸಿ, ಪ್ರೊಸೆಸರುಗಳ ನಡುವೆ ನೇರ ಸಂಪರ್ಕವನ್ನು ಕಲ್ಪಿಸಿತ್ತು. ವೈಟ್‌ಫೀಲ್ಡ್‌ಗೆ ಉದ್ದೇಶಿಸಿದ್ದುದೂ ಅಂಥದೇ ಹೊಸ ಸಂಪರ್ಕವ್ಯವಸ್ಥೆ.

ಹಾಗಾದರೆ ಡನಿಂಗ್ಟನ್ ಗೆದ್ದುದೇಕೆ? 2007ರ ಪ್ರೊಸೆಸರಿಗೆಂದು ಸಿದ್ಧವಾಗಿದ್ದ ಬೋರ್ಡಿನಲ್ಲಿಯೇ ಅದು ಕೂರುತ್ತಿದ್ದುದರಿಂದ. ಕಾಲೋಚಿತವಾಗಿದ್ದುದೇ ಅದರ ಗುಣ. ಆದರೆ 2008ರ ನವೆಂಬರಿನಲ್ಲಿ ಇಂಟೆಲ್ ತಾನೇ ನೇರ ಸಂಪರ್ಕದ ಮಾರ್ಗವನ್ನು ಹಿಡಿಯಿತು; 2010ರಲ್ಲಿ ಡನಿಂಗ್ಟನ್ನಿನ ವರ್ಗಕ್ಕೂ ಅದು ಬಂದಿತು. ಕೈಬಿಟ್ಟ ಪ್ರೊಸೆಸರಿನ ತತ್ತ್ವ ಉಳಿಯಿತು. ಮಾರಾಟವಾದುದರ ತತ್ತ್ವ ಅಳಿಯಿತು.

ಸೋತುದೆಲ್ಲವೂ ಶ್ರೇಷ್ಠವೆಂಬುದು ನಮ್ಮ ವಾದವಲ್ಲ. 2001ರಲ್ಲಿ ಬಂದ ಇಟೇನಿಯಂ ಹೊಸ ಆದೇಶಭಾಷೆಯನ್ನು ತಂದಿತು. ಹಳೆಯ ಪ್ರೋಗ್ರಾಮುಗಳು ಅದರಲ್ಲಿ ನಿಧಾನವಾಗಿ ನಡೆದುವು. ಹಳೆಯ ಭಾಷೆಯನ್ನೇ 64 ಬಿಟ್‌ಗಳಿಗೆ ವಿಸ್ತರಿಸಿದ ಎಎಮ್‌ಡಿಯ ದಾರಿಯನ್ನು 2004ರಲ್ಲಿ ಇಂಟೆಲ್ ಕೂಡ ಅನುಸರಿಸಬೇಕಾಯಿತು. 2021ರಲ್ಲಿ ಇಟೇನಿಯಂ ಪೂರೈಕೆಯೇ ನಿಂತಿತು. ಇಲ್ಲಿ ಸೋತುದು ಪ್ರೊಸೆಸರಷ್ಟೇ ಅಲ್ಲ, ಅದರ ಮೂಲತತ್ತ್ವ.

ಆದುದರಿಂದ ಪ್ರೊಸೆಸರನ್ನು ಇಡಿಯಾಗಿ ತೂಗದೆ, ಅದರ ಒಂದೊಂದು ನಿರ್ಧಾರವನ್ನೂ ಬೇರೆಬೇರೆಯಾಗಿ ತೂಗುವುದು ವಿಮರ್ಶಕನ ಕರ್ತವ್ಯ. ಮದರಾಸಿನ ಐಐಟಿಯ 'ಶಕ್ತಿ'ಯಂತಹ ದೇಶೀಯ ಪ್ರಯತ್ನಗಳನ್ನೂ ಮಾರಾಟದ ಲೆಕ್ಕವೊಂದರಿಂದಲೇ ಅಳೆದರೆ, ಮುಂದೆ ಫಲಿಸಬಹುದಾದುದನ್ನು ನಾವೇ ಕಳೆದುಕೊಂಡೇವು.