ಕಾವೇರಿಯ ಮಾತು ಕೇಳಿದವರಾರು?

ತ್ರಿವೇಣಿಯವರ (1928–1963) 'ಶರಪಂಜರ' ನಮ್ಮ ಭಾಗದಾಗ ಪುಟ್ಟಣ್ಣ ಕಣಗಾಲರ ಸಿನಿಮಾದಿಂದಲೇ ಹೆಚ್ಚು ಗೊತ್ತು. ಕಲ್ಪನಾ ಅಭಿನಯ ನೋಡಿ ಅತ್ತವರು ಕಾದಂಬರಿಯನ್ನೂ ಒಮ್ಮೆ ಓದಬೇಕು. ನನ್ನ ದೃಷ್ಟಿಯಲ್ಲಿ ಅದು ಹುಚ್ಚಿನ ಕಥೆಗಿಂತ ಹೆಚ್ಚಾಗಿ ಹುಚ್ಚು ವಾಸಿಯಾದ ಮೇಲಿನ ಕಥೆ.

ಬಾಣಂತಿತನದಲ್ಲಿ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರ್ತಾಳ. ನಕ್ಕರೂ ಅನುಮಾನ, ಸಿಂಗಾರ ಮಾಡಿಕೊಂಡರೂ ಅನುಮಾನ. ಎಲ್ಲರ ಕಣ್ಣೂ ಅವಳ ಮ್ಯಾಲೆ, ಕಿವಿ ಕೊಡುವವರಿಲ್ಲ. ನಮ್ಮ ಬಶೀರಾಬಾದ್ ಕಡಿಗೂ ಇದು ಹೊಸದಲ್ಲ. ಹೈದರಾಬಾದಿನ ಎರ್ರಗಡ್ಡ ದವಾಖಾನಿಗೆ ಹೋಗಿಬಂದವರಿಗೆ ಆ ಜಾಗದ ಹೆಸರೇ ಬೈಗುಳ ಆಗ್ತದ.

ಕೇಳೋದು ಅಂದ್ರ ಏನು? ಅಮೆರಿಕದ ವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ, ಇಂದು ಸಿಬಿಟಿ ಎನ್ನುವ ಮಾತಿನ ಚಿಕಿತ್ಸೆಯಲ್ಲಿ ಮೊದಲ ಕೆಲಸ ಬುದ್ಧಿವಾದ ಅಲ್ಲ, ಪ್ರಶ್ನೆ. ಏನು ನಡೀತು? ಆಗ ಮನಸ್ಸಿನಾಗ ಏನು ಬಂತು? ಎಂಥ ಸಂಕಟ ಆಯ್ತು? ಮೈಗೆ ಏನನಿಸ್ತು? ನೀವೇನು ಮಾಡಿದ್ರಿ? ನಿದ್ದಿ, ಊಟ ಹೆಂಗದ? ಜೀವ ಕಳಕೊಳ್ಳುವ ವಿಚಾರ ಬಂದದೇನು ಅಂತಲೂ ನೇರವಾಗಿ ಕೇಳ್ತಾರ. ಕೇಳಿದ್ದರಿಂದ ಆ ವಿಚಾರ ಹುಟ್ಟೋದಿಲ್ಲ. ಹೇಳಿಕೊಳ್ಳಲು ದಾರಿ ಸಿಗ್ತದ. ಕೊನೆಗೆ ತಾವು ತಿಳಿದುಕೊಂಡಿದ್ದನ್ನು ಮರಳಿ ಹೇಳಿ, "ಖರೆ ಅದ ಏನ್ರಿ?" ಅಂತ ಕೇಳಿ ತಿದ್ದಿಕೊಳ್ತಾರ.

ಇಲ್ಲೇ 'ಶರಪಂಜರ' ಅರೆಕಲಿತ ಸಲಹೆಗಾರರಿಗೂ ಪಾಠ ಹೇಳ್ತದ. "ಗಂಡ ನನ್ನಿಂದ ದೂರ ಆಗ್ಯಾನ" ಎಂದು ಕಾವೇರಿ ಅಂದರೆ ಅವರು "ಅದು ನಿಮ್ಮ ತಪ್ಪು ಕಲ್ಪನೆ" ಅಂದುಬಿಟ್ಟಾರು. ಆದರೆ ಅದು ಖರೇನೇ! ಗಂಡನ ಮನಸ್ಸು ಬೇರೆ ಹೆಣ್ಣಿನ ಕಡಿಗೆ ಹೋಗ್ಯದ. ಆಲೋಚನೆಯನ್ನು ಪರೀಕ್ಷಿಸುವುದೆಂದರೆ ಅದರ ಪರವಾಗಿಯೂ ವಿರುದ್ಧವಾಗಿಯೂ ಸಾಕ್ಷಿ ಹುಡುಕುವುದು. ಹಣೆಪಟ್ಟಿ ಬಿದ್ದವರ ನಿಜವೂ ಸುಳ್ಳಾಗಿ ಕೇಳಿಸ್ತದ ಎಂಬುದನ್ನು ಕಾಣಿಸಿದ್ದೇ ತ್ರಿವೇಣಿಯವರ ಹೆಚ್ಚುಗಾರಿಕೆ.

ಒಂದು ಕೊರತೆಯನ್ನೂ ಹೇಳಬೇಕು. ಕಥೆ ನಮ್ಮಿಂದ ಕಣ್ಣೀರು ತರಿಸ್ತದ. ಆ ಓಣಿಯಾಗ ನಾವಿದ್ದರೆ ಅವಳಿಗೆ ಏನು ಕೇಳ್ತಿದ್ದೆವು ಎಂಬ ಪ್ರಶ್ನೆಯನ್ನು ಎಬ್ಬಿಸೋದಿಲ್ಲ. ಅದನ್ನು ಓದುಗರೇ ಎತ್ತಿಕೊಳ್ಳಬೇಕು.

ನಾವು ಮಾಸ್ತರರು, ನೆರೆಹೊರೆಯವರು ಚಿಕಿತ್ಸಕರಲ್ಲ. ಕಾವೇರಿಗೆ ಬಂದಂಥ ಬಾಣಂತಿ ಕಾಯಿಲೆಗೆ ತಡಮಾಡದೆ ಡಾಕ್ಟರು, ಔಷಧ ಬೇಕು. ದಾರಿ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಪುಕ್ಕಟೆ ಫೋನ್ ಮಾಡಬಹುದು. ಕನ್ನಡ, ತೆಲುಗು ಎರಡರಲ್ಲೂ ಮಾತಾಡ್ತಾರ. ಗುಣವಾಗಿ ಬಂದವರ ಜೋಡಿ ಮೊದಲಿನಂಗ ಕೂತು ಮಾತಾಡೋದಕ್ಕೆ ಮಾತ್ರ ಯಾವ ಡಾಕ್ಟರ ಚೀಟಿಯೂ ಬೇಡ.